ಸಾಕ್ಷಿಯ ಕಟಕಟೆಯಿಂದ ಕಾನೂನಿನ ಪಾಠ

ಅಪರಾಧ ಕಾನೂನನ್ನೂ ವಕೀಲಿ ವೃತ್ತಿಯ ನೀತಿಯನ್ನೂ ಸಿನಿಮಾ ತೋರಿಸಿ, ಹೆಸರಾಂತ ಮೊಕದ್ದಮೆಗಳನ್ನು ಓದಿಸಿ ಕಲಿಸುವ ಮಾತು ಬಂದಾಗ ಮೊದಲು ನೆನಪಾಗುವುದು ಹಾಲಿವುಡ್. ‘ಟ್ವೆಲ್ವ್ ಆಂಗ್ರಿ ಮೆನ್’ (1957), ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1962) ಇಂಥ ಪಟ್ಟಿಗಳಲ್ಲಿ ಇದ್ದೇ ಇರುತ್ತವೆ. ಗುಜರಾತಿನ ಸೂರತ್, ವಡೋದರ, ಅಹಮದಾಬಾದ್ ಊರುಗಳ ಮೊಕದ್ದಮೆಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಅಷ್ಟು ದೂರ ಹೋಗಬೇಕೆನಿಸದು. ಒಂದೂವರೆ ಶತಮಾನದ ಈ ಕಥೆಯಲ್ಲಿ ಮತ್ತೆಮತ್ತೆ ಎದುರಾಗುವವನು ಸಾಕ್ಷಿ. ಪಾಠದಲ್ಲಿ ಅತಿ ಕಡಿಮೆ ಜಾಗ ಸಿಕ್ಕಿರುವುದೂ ಅವನಿಗೇ.

ಮೊದಲ ಪ್ರಕರಣ 1862ರದು. ಸೂರತ್‌ನಿಂದ ಮುಂಬೈಗೆ ಬಂದಿದ್ದ ವೈಷ್ಣವ ಗುರು ಜದುನಾಥಜಿ ಮಹಾರಾಜರು, ತಮ್ಮ ಪಂಥದ ಗುರುಗಳ ನಡತೆಯನ್ನು ಬಯಲಿಗೆಳೆದ ಪತ್ರಕರ್ತ ಕರ್ಸನ್‌ದಾಸ್ ಮುಳಜಿ ಮೇಲೆ 50,000 ರೂಪಾಯಿಯ ಮಾನನಷ್ಟ ದಾವೆ ಹೂಡಿದರು. ದಾವೆ ವಿಚಾರಣೆಗೆ ಬರುವ ಮೊದಲೇ ಭಾಟಿಯಾ ಸಮುದಾಯದ ಮುಖಂಡರು, ಮಹಾರಾಜರ ವಿರುದ್ಧ ಯಾರೂ ಸಾಕ್ಷಿ ಹೇಳಕೂಡದೆಂದು ಕಟ್ಟುಮಾಡಿದ್ದರು. ಆ ಒಳಸಂಚಿಗೆ ಬೇರೆಯೇ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ವಾದಿಗಿದ್ದ ರೋಗದ ವಿಷಯವಾಗಿ ಡಾ. ಭಾವು ದಾಜಿ ಲಾಡ್ ಸಾಕ್ಷ್ಯ ನುಡಿದರು. ರೋಗಿಯ ಗುಟ್ಟನ್ನು ವೈದ್ಯ ಕೋರ್ಟಿನಲ್ಲಿ ಹೇಳಬಹುದೇ, ವಕೀಲನಿಗೂ ಕಕ್ಷಿದಾರನಿಗೂ ನಡುವಿನ ಗುಟ್ಟಿಗೆ ಇರುವ ರಕ್ಷಣೆ ಅದಕ್ಕೂ ಉಂಟೇ ಎಂದು ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇದೇ ಕಥೆಯ ‘ಮಹಾರಾಜ್’ ಸಿನಿಮಾಕ್ಕೆ 2024ರಲ್ಲಿ ಗುಜರಾತ್ ಹೈಕೋರ್ಟ್ ಮೊದಲು ತಡೆ ನೀಡಿತು. ಆಮೇಲೆ ನ್ಯಾಯಮೂರ್ತಿ ಸಂಗೀತಾ ವಿಷೇನ್ ಸಿನಿಮಾವನ್ನು ತಾವೇ ನೋಡಿ, ಜೂನ್ 21ರಂದು ತಡೆ ತೆರವು ಮಾಡಿದರು.

ವಡೋದರದ ಪ್ರಕರಣ ಇನ್ನೂ ಜಟಿಲ. ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಫೇರ್ 1874ರ ನವೆಂಬರ್ 9ರ ಬೆಳಿಗ್ಗೆ ಕುಡಿಯಹೊರಟ ಹಣ್ಣಿನ ಶರಬತ್ತಿನಲ್ಲಿ ಪಾಷಾಣವೂ ವಜ್ರದ ಪುಡಿಯೂ ಇತ್ತೆಂಬ ಆರೋಪ ಮಹಾರಾಜ ಮಲ್ಹಾರರಾವ್ ಗಾಯಕವಾಡರ ಮೇಲೆ ಬಂತು. ಮಾಫಿ ಸಾಕ್ಷಿಯಾದ ರೆಸಿಡೆನ್ಸಿ ಹವಾಲ್ದಾರ ರಾವಜಿಯ ಸೊಂಟದ ಪಟ್ಟಿಯಲ್ಲಿ ಪೊಲೀಸರಿಗೆ ವಿಷದ ಪೊಟ್ಟಣ ‘ಸಿಕ್ಕಿತು’. ಅದನ್ನು ಅಲ್ಲಿಟ್ಟವರು ಯಾರೆಂಬುದೇ ಲಂಡನ್ನಿನಿಂದ ಬಂದ ಮಹಾರಾಜರ ಪರ ವಕೀಲ ಸರ್ಜೆಂಟ್ ಬ್ಯಾಲಂಟೈನ್ ಅವರ ಪಾಟೀಸವಾಲಿನ ಜೀವಾಳ. ಆರು ಮಂದಿಯ ಆಯೋಗ ಮೂರು–ಮೂರಾಗಿ ಒಡೆಯಿತು. ಮೂವರು ಬ್ರಿಟಿಷರು ಆರೋಪ ಸಾಬೀತೆಂದರೆ, ಮೂವರು ಭಾರತೀಯರು ಒಪ್ಪಲಿಲ್ಲ. ಆದರೂ ಆಡಳಿತ ಸರಿಯಿಲ್ಲವೆಂಬ ಕಾರಣ ಕೊಟ್ಟು 1875ರ ಏಪ್ರಿಲ್‌ನಲ್ಲಿ ಮಲ್ಹಾರರಾವ್ ಅವರನ್ನು ಗದ್ದುಗೆಯಿಂದ ಇಳಿಸಿದರು. ತೀರ್ಪಿಗೂ ಪರಿಣಾಮಕ್ಕೂ ಸಂಬಂಧ ತಪ್ಪಿದ ಈ ಪ್ರಕರಣವನ್ನು ಸಾಕ್ಷ್ಯ ಕಾನೂನಿನ ಮೊದಲ ತರಗತಿಯಲ್ಲೇ ಓದಿಸಬೇಕು ಎಂಬುದು ನನ್ನ ಅಭಿಪ್ರಾಯ.

ಅಹಮದಾಬಾದ್ ಎಂದರೆ 1922ರ ಮಾರ್ಚ್ 18, ಶಾಹಿಬಾಗ್‌ನ ಸರ್ಕಿಟ್ ಹೌಸ್. ಗಾಂಧೀಜಿ ರಾಜದ್ರೋಹದ ಆರೋಪವನ್ನು ಒಪ್ಪಿಕೊಂಡರು. ಆದರೂ ವಿಚಾರಣೆ ಪೂರ್ತಿ ನಡೆಯಲಿ ಎಂದು ಅಡ್ವೊಕೇಟ್ ಜನರಲ್ ಸ್ಟ್ರಾಂಗ್‌ಮನ್ ಕೇಳಿದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅದಕ್ಕೆ ಒಪ್ಪದೆ, ತಿಲಕರ ಪ್ರಕರಣವನ್ನು ನೆನೆದು ಆರು ವರ್ಷದ ಸಾದಾ ಸಜೆ ವಿಧಿಸಿದರು. ಅಟೆನ್‌ಬರೊ ಅವರ ‘ಗಾಂಧಿ’ (1982) ಈ ದೃಶ್ಯವನ್ನು ಜಗತ್ತಿಗೆ ತೋರಿಸಿತು. ವೃತ್ತಿನೀತಿಗೆ ಅದಕ್ಕಿಂತ ಹತ್ತಿರದ ಪ್ರಕರಣ 1919ರದು. ರೌಲತ್ ಕಾಯ್ದೆಯ ವಿರುದ್ಧ ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ ಅಹಮದಾಬಾದಿನ ವಕೀಲರ ಕುರಿತು ಜಿಲ್ಲಾ ನ್ಯಾಯಾಧೀಶ ಕೆನಡಿ ಹೈಕೋರ್ಟಿಗೆ ಪತ್ರ ಬರೆದರು. ಕಾನೂನು ಮುರಿಯುವುದಾಗಿ ಪಣತೊಟ್ಟವನು ಸನ್ನದು ಇಟ್ಟುಕೊಳ್ಳಬಹುದೇ ಎಂಬುದು ಪ್ರಶ್ನೆ. ಆ ಪತ್ರವನ್ನು ‘ಯಂಗ್ ಇಂಡಿಯಾ’ದಲ್ಲಿ ಅಚ್ಚು ಮಾಡಿದ್ದಕ್ಕೆ ಗಾಂಧೀಜಿ ನ್ಯಾಯಾಂಗ ನಿಂದನೆ ಎದುರಿಸಿದರು. 1922ರಲ್ಲಿ ಲಂಡನ್ನಿನ ಬ್ಯಾರಿಸ್ಟರ್ ಸಂಸ್ಥೆ ಇನ್ನರ್ ಟೆಂಪಲ್, ಗಾಂಧೀಜಿಯ ಹೆಸರನ್ನೇ ತನ್ನ ಪಟ್ಟಿಯಿಂದ ತೆಗೆದುಹಾಕಿತು. ಮತ್ತೆ ಸೇರಿಸಿದ್ದು 1988ರಲ್ಲಿ.

ಸಿನಿಮಾಗಳಲ್ಲಿ ನನ್ನ ಮೆಚ್ಚಿನದು ‘ಅನಾಟಮಿ ಆಫ್ ಎ ಮರ್ಡರ್’ (1959). ಕಕ್ಷಿದಾರನಿಗೆ ಕಾನೂನು ವಿವರಿಸುತ್ತಲೇ ಯಾವ ಉತ್ತರ ಕೊಟ್ಟರೆ ಬಚಾವಾಗಬಹುದೆಂದು ವಕೀಲ ಸೂಚಿಸಿಬಿಡುವ ದೃಶ್ಯ ಅದರಲ್ಲಿದೆ. ಸಲಹೆ ಎಲ್ಲಿ ಮುಗಿದು ಸುಳ್ಳುಸಾಕ್ಷ್ಯ ಎಲ್ಲಿ ಶುರುವಾಗುತ್ತದೆ ಎಂದು ಗಂಟೆಗಟ್ಟಲೆ ವಾದಿಸಬಹುದು. ನಮ್ಮವು ಬೇರೆ ಬಗೆಯಲ್ಲಿ ಉಪಯುಕ್ತ. ಕನ್ನಡದಲ್ಲಿ ‘ಯುದ್ಧಕಾಂಡ’ (1989) ಆಗಿ ಬಂದ ಹಿಂದಿಯ ‘ಮೇರಿ ಜಂಗ್’ (1985) ನೋಡಿ. ವಿಷವೆನ್ನಲಾದ ಔಷಧವನ್ನು ವಕೀಲ ಕೋರ್ಟಿನಲ್ಲೇ ಕುಡಿದುಬಿಡುತ್ತಾನೆ. ಸಾಕ್ಷ್ಯವಸ್ತು ನಾಶವಾಯಿತು, ವಕೀಲನೇ ಸಾಕ್ಷಿಯೂ ಆದ. ತಾನು ಸಾಕ್ಷಿಯಾಗುವ ಸಂಭವವಿರುವ ಪ್ರಕರಣದಲ್ಲಿ ವಕಾಲತ್ತು ವಹಿಸಬಾರದೆನ್ನುತ್ತದೆ ಬಾರ್ ಕೌನ್ಸಿಲ್ ನಿಯಮ. ಇಂಥ ತಪ್ಪುಗಳನ್ನು ಹುಡುಕಲು ಬಿಟ್ಟರೆ ವಿದ್ಯಾರ್ಥಿಗಳು ನಿಯಮವನ್ನು ಮರೆಯುವುದಿಲ್ಲ.

ಆದರೆ 2002ರ ಮಾರ್ಚ್ 1ರಂದು ವಡೋದರದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದ ಪ್ರಕರಣಕ್ಕೆ ಸಿನಿಮಾದ ಅಳತೆ ಸಾಲದು. ಪ್ರಮುಖ ಸಾಕ್ಷಿಗಳು ತಿರುಗಿಬಿದ್ದರು, 2003ರಲ್ಲಿ 21 ಆರೋಪಿಗಳೂ ಖುಲಾಸೆಯಾದರು. ಸರ್ಕಾರಿ ಅಭಿಯೋಜಕರು ಆರೋಪಿಗಳ ಪರ ವಕೀಲರಂತೆ ನಡೆದುಕೊಂಡರೆಂದು ಟೀಕಿಸಿದ ಸುಪ್ರೀಂ ಕೋರ್ಟ್ 2004ರಲ್ಲಿ ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ಕಳಿಸಿತು. 2006ರಲ್ಲಿ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು, ಹೇಳಿಕೆ ಬದಲಿಸಿದ ಮುಖ್ಯ ಸಾಕ್ಷಿಗೂ ನ್ಯಾಯಾಂಗ ನಿಂದನೆಗಾಗಿ ಒಂದು ವರ್ಷದ ಸಜೆಯಾಯಿತು. 2012ರಲ್ಲಿ ಬಾಂಬೆ ಹೈಕೋರ್ಟ್ ನಾಲ್ವರ ಶಿಕ್ಷೆಯನ್ನಷ್ಟೇ ಉಳಿಸಿತು. ಮುಂದೆ ಸ್ವಘೋಷಿತ ದೇವಮಾನವ ಅಸಾರಾಂ ಮತ್ತು ಅವರ ಮಗ ನಾರಾಯಣ ಸಾಯಿ ಮೇಲಿನ ಅತ್ಯಾಚಾರ ಪ್ರಕರಣಗಳ ಸಾಕ್ಷಿಗಳ ಮೇಲೆ ನಡೆದ ದಾಳಿಗಳಿಂದ ಹುಟ್ಟಿದ ಅರ್ಜಿಯಲ್ಲಿ, 2018ರ ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅವುಗಳಲ್ಲೊಂದಾದ ನಾರಾಯಣ ಸಾಯಿ ಪ್ರಕರಣದ ತೀರ್ಪು ಬಂದದ್ದು 2019ರಲ್ಲಿ, ಸೂರತ್‌ನ ನ್ಯಾಯಾಲಯದಿಂದ.

ಕಲಿಕೆಯ ಸಾಧನಗಳೂ ಬದಲಾಗಿವೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ವೃತ್ತಿನೀತಿ ಕಡ್ಡಾಯ. ವಿದ್ಯಾರ್ಥಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೂತು ನೋಡಿ ದಾಖಲಿಸಲೇಬೇಕು. 2020ರ ಅಕ್ಟೋಬರ್‌ನಲ್ಲಿ ಗುಜರಾತ್ ಹೈಕೋರ್ಟ್ ದೇಶದ ಹೈಕೋರ್ಟುಗಳಲ್ಲೇ ಮೊದಲಾಗಿ ಕಲಾಪವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಇದು ದೊಡ್ಡ ಉಪಕಾರ. ಆದರೆ ಹೈಕೋರ್ಟಿನಲ್ಲಿ ಸಾಮಾನ್ಯವಾಗಿ ಕೇಳುವುದು ವಕೀಲರ ವಾದ. ಸಾಕ್ಷಿ ತಡವರಿಸುವುದು, ಹೆದರುವುದು, ಮಾತು ಬದಲಿಸುವುದು ಕೆಳಗಿನ ನ್ಯಾಯಾಲಯಗಳಲ್ಲಿ. ಆದ್ದರಿಂದ ಕರ್ನಾಟಕದ ಕಾನೂನು ಅಧ್ಯಾಪಕರಲ್ಲಿ ಒಂದು ಮನವಿ: ‘ಯುದ್ಧಕಾಂಡ’ ತೋರಿಸಿದ ವಾರವೇ ವಿದ್ಯಾರ್ಥಿಗಳನ್ನು ನಿಮ್ಮೂರಿನ ಸೆಷನ್ಸ್ ಕೋರ್ಟಿಗೆ ಕರೆದೊಯ್ಯಿರಿ, ಒಬ್ಬ ಸಾಕ್ಷಿಯ ಪಾಟೀಸವಾಲು ಮುಗಿಯುವವರೆಗೂ ಕೂರಿಸಿ.