ಹುಣಸೆಮರ ಕಡಿಯೋ ಮುಂಚೆ: ಶಿಂಷಾ ಕಣಿವೆಯ ಕೊಕ್ಕರೆಗಳ ಒಂದಷ್ಟು ಚರಿತ್ರೆ

ಹೋದ ಸಲ ರಾಗಿ ಒಕ್ಕಣೆ ಬಗ್ಗೆ ಬರೆದಿದ್ದೆ. ಈ ಸಲ ಬೆಳೆ ವಿಷಯ ಅಲ್ಲ, ಹಕ್ಕಿ ವಿಷಯ. ಆದರೆ ಓದ್ತಾ ಹೋದರೆ ಇದು ನಮ್ಮ ಜೇಬಿನ ವಿಷಯಾನೂ ಹೌದು ಅಂತ ನಿಮಗೇ ಗೊತ್ತಾಗುತ್ತೆ. ಸ್ವಲ್ಪ ಉದ್ದ ಇದೆ, ಬಿಡುವಿದ್ದಾಗ ಓದಿ.

ಕಡಬ ಹೋಬಳಿಯಲ್ಲಿರೋ ನಮ್ಮ ಹೊಲದ ಬದುವಿನಲ್ಲಿ ಎರಡು ಹುಣಸೆಮರ ಇವೆ. ನಮ್ಮ ತಾತ ನೆಟ್ಟಿದ್ದು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಗುತ್ತಿಗೆಯವರು ಬಂದು ಮರ ನೋಡಿ ಬೆಲೆ ಕಟ್ಟಿ, ಹಣ್ಣು ಬಡಿಸ್ಕೊಂಡು ಹೋಗ್ತಾರೆ. ತುಮಕೂರು ಎಪಿಎಂಸಿ ಹುಣಸೆಹಣ್ಣಿಗೆ ಹೆಸರುವಾಸಿ ಮಾರುಕಟ್ಟೆ, ನಿಮಗೆಲ್ಲಾ ಗೊತ್ತಿರೋದೇ. ಈ ವರ್ಷ ಗುತ್ತಿಗೆಯವರು ಬರೋದು ಒಂದು ತಿಂಗಳು ತಡ ಆಯ್ತು. ಅಷ್ಟರಲ್ಲಿ ದೊಡ್ಡ ಮರದ ತುದಿಯಲ್ಲಿ ನಾಲ್ಕು ಜೋಡಿ ಬಣ್ಣದ ಕೊಕ್ಕರೆ ಬಂದು ಕಡ್ಡಿ ಜೋಡಿಸೋಕೆ ಶುರು ಮಾಡಿದ್ವು.

ಗುತ್ತಿಗೆಯವರು ಮೇಲೆ ನೋಡಿ, "ಯಜಮಾನ್ರೇ, ಹಣ್ಣಿನ ಮೇಲೆಲ್ಲಾ ಹಿಕ್ಕೆ ಬಿದ್ದೈತೆ, ಈ ಮರ ನನಗೆ ಬ್ಯಾಡ" ಅಂದ್ರು. ಚಿಕ್ಕ ಮರ ಮಾತ್ರ ತಗೊಂಡ್ರು. ನನ್ನ ಮಗ ಆ ಸಂಜೆಯೇ ಮಾತು ತೆಗೆದ: "ಅಪ್ಪ, ಎರಡೂ ಮರ ತೆಗೆಸಿಬಿಡೋಣ. ನೆರಳಿಂದ ಅಲ್ಲಿ ಏನೂ ಆಗ್ತಿಲ್ಲ. ಆ ಜಾಗದಲ್ಲಿ ಅಡಿಕೆ ಸಸಿ ಇಟ್ಟರೆ ಐದಾರು ವರ್ಷಕ್ಕೆ ಫಸಲು." ಲೆಕ್ಕದಲ್ಲಿ ಅವನದು ತಪ್ಪಿಲ್ಲ. ನಾನು "ನೋಡೋಣ ಇರಪ್ಪ" ಅಂದೆ. ನೋಡೋಣ ಅಂದಮೇಲೆ ನೋಡಬೇಕಲ್ಲ, ಅದಕ್ಕೆ ಈ ಹಕ್ಕಿಗಳ ಹಿಂದೆ ಬಿದ್ದೆ.

ಮೊದಲು ನಮ್ಮ ಹೊಳೆ ವಿಷಯ ಹೇಳ್ತೀನಿ. ಶಿಂಷಾ ಹುಟ್ಟೋದು ತುಮಕೂರಿನ ಹತ್ತಿರ ದೇವರಾಯನದುರ್ಗದ ಬೆಟ್ಟದಲ್ಲಿ. ಅಲ್ಲಿಂದ ಗುಬ್ಬಿ ತಾಲ್ಲೂಕಿಗೆ ಇಳಿದು ಕಡಬದ ಕೆರೆ ತುಂಬಿಸುತ್ತೆ. ರಾಮ ಲಂಕೆಯಿಂದ ವಾಪಸ್ ಬರುವಾಗ ಸೀತೆ ಕೇಳಿದಳು ಅಂತ ಈ ಕೆರೆ ಕಟ್ಟಿಸಿದ ಅನ್ನೋದು ಹಿರಿಯರ ಕತೆ. ಮುಂದೆ ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯ. ಮಹಾರಾಜರ ಕಾಲದಲ್ಲಿ ಕಟ್ಟಿದ್ದು, ನೀರು ಹೆಚ್ಚಾದರೆ ಯಾರೂ ಗೇಟು ಎತ್ತದೆ ತಾನೇ ಹೊರಗೆ ಹೋಗೋ ಸೈಫನ್ ಇರೋ ಅಣೆಕಟ್ಟು. ಅಲ್ಲಿಂದ ಹೊಳೆ ಮಂಡ್ಯ ಜಿಲ್ಲೆಗೆ ಹೋಗಿ, ಮದ್ದೂರು ದಾಟಿ, ಕಾವೇರಿ ಸೇರುತ್ತೆ. ಆ ಮದ್ದೂರು ತಾಲ್ಲೂಕಿನಲ್ಲಿ, ಇದೇ ಶಿಂಷಾ ಹತ್ತಿರ ಇರೋ ಊರೇ ಕೊಕ್ಕರೆಬೆಳ್ಳೂರು. ಅಂದರೆ ನಾವೂ ಅವರೂ ಒಂದೇ ಹೊಳೆಯವರು. ಅವರು ಕೆಳಗೆ, ನಾವು ಮೇಲೆ.

ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ ಊರೊಳಗಿನ ಹುಣಸೆ, ಅತ್ತಿ ಮರಗಳ ಮೇಲೆ ಗೂಡು ಕಟ್ತವೆ. ಕಾಡಿನಲ್ಲಿ ಅಲ್ಲ, ಮನೆ ಹಿತ್ತಲಲ್ಲಿ. ಹಿಂದೆ ಪ್ಲೇಗ್ ಬಂದು ಜನ ಊರು ಬಿಟ್ಟು ಬೇರೆ ಜಾಗದಲ್ಲಿ ಮನೆ ಕಟ್ಟಿಕೊಂಡಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಅಲ್ಲಿನವರು ಹೇಳ್ತಾರೆ. ಹೊರಗಿನ ಜಗತ್ತಿಗೆ ಆ ಊರು ಗೊತ್ತಾಗಿದ್ದು 1976ರಲ್ಲಿ, ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳ ಅವರಿಂದ. ಆಮೇಲೆ ಗೂಡಿರೋ ಮರದ ಹಣ್ಣು ಬಿಟ್ಟುಕೊಡೋ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡೋ ಪದ್ಧತಿ ಬಂತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರು ಊರಿನ ಹುಡುಗರ ಜೊತೆ ಸೇರಿದರು, ಹೆಜ್ಜಾರ್ಲೆ ಬಳಗ ಆಯ್ತು. ಗೂಡಿಂದ ಬಿದ್ದ ಮರಿಗಳನ್ನ ಸಾಕಿ ವಾಪಸ್ ಬಿಡೋ ಕೆಲಸ ಅವರದು. 2007ರಲ್ಲಿ ಆ ಜಾಗಕ್ಕೆ ಸಮುದಾಯ ಮೀಸಲು ಅಂತ ಹೆಸರು ಬಂತು.

ಇಸವಿಗಳನ್ನ ಒಂದು ಸಲ ಗಮನಿಸಿ. 1976 ಬರೋ ಮುಂಚೆ, ಪರಿಹಾರ ಇಲ್ಲದ ಕಾಲದಲ್ಲಿ, ತಲೆತಲಾಂತರದಿಂದ ಆ ಮರಗಳನ್ನ ಉಳಿಸಿದ್ದು ಯಾರು? ಮರದ ಮಾಲೀಕರು. ಹುಣಸೆ ಹಣ್ಣಾಗೋ ಹೊತ್ತಿಗೇ ಹಕ್ಕಿ ಗೂಡು ಕಟ್ಟೋದು. ಹಣ್ಣು ಬಡಿದರೆ ಗೂಡು ಉದುರುತ್ತೆ, ಗೂಡು ಉಳಿದರೆ ಹಣ್ಣು ಹೋಗುತ್ತೆ. ಅವರು ಹಣ್ಣು ಬಿಟ್ಟರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅನ್ನೋದು ಅವರ ಮಾತು. ಹಾಗಂತ ಬರೀ ದಾನಧರ್ಮ ಅಂತಲೂ ತಿಳಿಯಬೇಡಿ. ಮರದ ಕೆಳಗೆ ಗುಂಡಿ ತೋಡಿ, ಹಿಕ್ಕೆ ಬಿದ್ದಿದ್ದಕ್ಕೆ ಕೆರೆಗೋಡು ಸೇರಿಸಿ ಹೊಲಕ್ಕೆ ಹಾಕ್ತಿದ್ರು. ಒಂದು ಕಡೆ ಕಳ್ಕೊಂಡಿದ್ದನ್ನ ಇನ್ನೊಂದು ಕಡೆ ಸ್ವಲ್ಪ ತಗೋತಿದ್ರು.

ರಂಗನತಿಟ್ಟಿನ ಕತೆ ಬೇರೆ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು 1939-40ರಲ್ಲಿ. ಅವರ ಸಲಹೆ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. ಅದು ನಡುಹೊಳೆಯ ತಿಟ್ಟುಗಳು, ಯಾರ ಪಹಣಿಯಲ್ಲೂ ಇರೋ ಹೊಲ ಅಲ್ಲ. ಅರಮನೆ ಆದೇಶ ಸಾಕಾಯ್ತು. ನಮ್ಮ ಕಡೆ ಹಾಗಲ್ಲ. ಹಕ್ಕಿ ಕೂರೋದು ನಿಮ್ಮ ನನ್ನ ಸರ್ವೆ ನಂಬರಿನ ಮರದ ಮೇಲೆ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಊರಿದೆ, ಸಿರಾ ತಾಲ್ಲೂಕಿನ ಕಗ್ಗಲಡು. ಹೋದ ತಿಂಗಳು ನಾನೂ ನಮ್ಮನೆಯವಳೂ ಬೈಕಿನಲ್ಲಿ ಹೋಗಿ ನೋಡ್ಕೊಂಡು ಬಂದ್ವಿ. ಅಲ್ಲಿ 1993ರಲ್ಲಿ ಮೊದಲು ಬೂದು ಬಕಗಳು ಹುಣಸೆಮರದಲ್ಲಿ ಗೂಡು ಕಟ್ಟಿದವಂತೆ, ಹಿಂದೆಯೇ ಬಣ್ಣದ ಕೊಕ್ಕರೆ. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು ಅದನ್ನ ಹೊರಗೆ ತಿಳಿಸಿದರು. ಈಗ ದಕ್ಷಿಣ ಭಾರತದಲ್ಲಿ ಬಣ್ಣದ ಕೊಕ್ಕರೆಗೆ ಕೊಕ್ಕರೆಬೆಳ್ಳೂರು ಬಿಟ್ಟರೆ ಕಗ್ಗಲಡು ಅಂತ ಹೇಳ್ತಾರೆ. ಅಲ್ಲಿ ಒಂದು ಮರದ ಕೆಳಗೆ ಕೂತಿದ್ದ ಅಜ್ಜಿಯನ್ನ ಮಾತಾಡಿಸಿದೆ. "ಅಜ್ಜಿ, ನಾತ ಬರಲ್ವಾ?" ಅಂದೆ. "ಬರ್ತದೆ ಕಣಪ್ಪ. ಮಕ್ಕಳಿರೋ ಮನೇಲಿ ಬರಲ್ವಾ?" ಅಂದ್ರು. ನಮ್ಮನೆಯವಳು ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ನಗ್ತಿದ್ಲು. ಇಲ್ಲೂ ಅದೇ ಕ್ರಮ ನೋಡಿ. ಮೊದಲು ಹಕ್ಕಿ, ಆಮೇಲೆ ಸುಮ್ಮನಿದ್ದ ಜನ, ಕೊನೆಗೆ ಹೊರಗಿನವರು.

ಹಕ್ಕಿ ಮರಕ್ಕೆ ಬಂದರೂ ಅದರ ಊಟ ಇರೋದು ಕೆರೆಯಲ್ಲಿ. ಬಣ್ಣದ ಕೊಕ್ಕರೆ ಕಣ್ಣಿಂದ ನೋಡಿ ಮೀನು ಹಿಡಿಯೋದಲ್ಲ. ಕೊಕ್ಕನ್ನ ಸ್ವಲ್ಪ ತೆರೆದು ನೀರಲ್ಲಿ ಅದ್ದಿ ಆ ಕಡೆ ಈ ಕಡೆ ಆಡಿಸುತ್ತೆ, ಮೀನು ತಾಗಿದ ಕೂಡಲೇ ಮುಚ್ಚುತ್ತೆ. ಅದಕ್ಕೆ ಕಾಲು ಊರಿ ನಿಲ್ಲೋಷ್ಟು ತೆಳು ನೀರೇ ಬೇಕು. ಕೆರೆ ಅಂಚು ಇಳಿಜಾರಾಗಿದ್ದರೆ ನೀರು ಇಳಿದಂತೆಲ್ಲಾ ಹೊಸ ತೆಳು ನೀರು ಸಿಕ್ಕುತ್ತೆ. ಜೆಸಿಬಿ ಹಾಕಿ ಬಾವಿ ಥರ ನೆಟ್ಟಗೆ ಗುಂಡಿ ತೋಡಿದರೆ ನೀರಿದ್ದರೂ ಕೊಕ್ಕರೆಗೆ ಇಲ್ಲ. ಹೂಳು ತೆಗೆಯಬೇಡಿ ಅಂತ ನಾನು ಹೇಳ್ತಿಲ್ಲ, ನನಗೂ ಗೋಡು ಬೇಕು. ಅಂಚಿನಿಂದ ಇಳಿಜಾರಾಗಿ ತೆಗೆದರೆ ದನಕ್ಕೂ ಒಳ್ಳೇದು, ಈಜಲು ಇಳಿಯೋ ಹುಡುಗರಿಗೂ ಒಳ್ಳೇದು.

ಈ ಭಾಗದ ಬಹಳ ಕೆರೆಗಳಿಗೆ ಈಗ ಹೇಮಾವತಿ ನಾಲೆ ನೀರು ಆಸರೆ. ಆ ನೀರಿನ ಬಗ್ಗೆ ಗುಬ್ಬಿಯವರಿಗೂ ಕುಣಿಗಲ್‌ನವರಿಗೂ ಇರೋ ಜಗಳ ಇಲ್ಲಿ ಬೇಡ, ಕೊಕ್ಕರೆಗೆ ತಾಲ್ಲೂಕು ಗಡಿ ಗೊತ್ತಿಲ್ಲ. ಹಾಡಿನಲ್ಲಿ ಬರೋ ಕುಣಿಗಲ್ ದೊಡ್ಡಕೆರೆಯ ಅಂಚಿನಲ್ಲೂ ಮೊನ್ನೆ ಸಂತೆಗೆ ಹೋದಾಗ ಹನ್ನೊಂದು ಬಣ್ಣದ ಕೊಕ್ಕರೆ ಎಣಿಸಿದೆ. ಜೊತೆಗೆ ನೀರುಕಾಗೆ, ಬೆಳ್ಳಕ್ಕಿ ಸಾಕಷ್ಟು. ಕೆರೆಗೆ ಯಾವ ನೀರು ಬಿಡ್ತೀವಿ ಅನ್ನೋದೂ ಮುಖ್ಯ. 2017ರ ಕೊನೆ, 2018ರ ಶುರುವಿನಲ್ಲಿ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳು ಕಾರಣ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು. ನಾವು ಹೊಳೆಯ ಮೇಲಿನವರು. ನಮ್ಮ ಚರಂಡಿ ನೀರು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಬೇಕಾದವರೂ ನಾವೇ.

ಇನ್ನೊಂದು ಹಕ್ಕಿ ನೆನಪಾಗುತ್ತೆ, ರಣಹದ್ದು. ನಾನು ಚಿಕ್ಕವನಿದ್ದಾಗ ದನ ಸತ್ತರೆ ಊರಾಚೆ ಹಾಕಿದ ಜಾಗಕ್ಕೆ ಅವು ಇಳೀತಿದ್ವು. ಆಮೇಲೆ ಇಲ್ಲವಾದ್ವು. ದನಗಳಿಗೆ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿ ಕೊಂದಿತ್ತು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧ ಆಯ್ತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮ ಆಯ್ತು. ಆದರೆ ನಮ್ಮೂರಿಗೆ ಕೊನೆಯ ರಣಹದ್ದು ಬಂದಿದ್ದು ಯಾವ ವರ್ಷ? ಅರಳಿಕಟ್ಟೆ ಮೇಲೆ ಹತ್ತು ಜನರನ್ನ ಕೇಳಿದೆ, ಹತ್ತು ಉತ್ತರ ಬಂತು. ಯಾರೂ ಬರೆದಿಟ್ಟಿಲ್ಲ. ದನಕ್ಕೆ ಔಷಧಿ ಕೊಡಿಸಿದವರು ನಾವೇ, ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಹೋಗಿದ್ದು ಗೊತ್ತೇ ಆಗಲಿಲ್ಲ.

ಗುಬ್ಬಿ ಅನ್ನೋ ನಮ್ಮ ತಾಲ್ಲೂಕಿನ ಹೆಸರೇ ಹಕ್ಕಿ ಹೆಸರು. ದಿನಾ ಪುರಾಣ ಕೇಳೋಕೆ ಬಂದು ಕೂರ್ತಿದ್ದ ಗುಬ್ಬಿ, ಪುರಾಣ ಮುಗಿದ ದಿನ ಪ್ರಾಣ ಬಿಟ್ಟಿತು ಅನ್ನೋ ಕತೆ ನಮ್ಮ ಅಮ್ಮ ಹೇಳ್ತಿದ್ಲು. ಕತೆ ನಿಜವೋ ಸುಳ್ಳೋ, ಹಕ್ಕಿಯ ಹೆಸರಿಟ್ಟುಕೊಂಡ ಊರಿನವರಿಗೆ ಹಕ್ಕಿಯ ತಾರೀಕು ಬರೆದಿಡೋಕೆ ಏನು ಕಷ್ಟ?

ಈಗ ಮರದ ವಿಷಯಕ್ಕೆ ಬರ್ತೀನಿ. ಮಗನ ಜೊತೆ ಕೂತು ಮಾತಾಡಿದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡೋದು, ಗೂಡು ಕೆಣಕೋದು ಬೇಟೆಗೆ ಸಮ. ಹಾಗಾಗಿ ಗೂಡಿರೋವರೆಗೆ ಮರ ಮುಟ್ಟೋ ಮಾತೇ ಇಲ್ಲ ಅಂದೆ. ಮೊಟ್ಟೆಗೆ ಒಂದು ತಿಂಗಳು ಕಾವು, ಮರಿ ಹಾರೋಕೆ ಇನ್ನೂ ಎರಡು ತಿಂಗಳು. ಯುಗಾದಿ ಹೊತ್ತಿಗೆ ಕಾವು ನಡೀತಿತ್ತು, ಅಂದರೆ ಮೃಗಶಿರ ಮಳೆವರೆಗೆ ಕಾಯಲೇಬೇಕು. ಅದಕ್ಕೆ ಅವನು, "ಸರಿ ಅಪ್ಪ, ಆಮೇಲೆ? ಪ್ರತಿ ವರ್ಷದ ಹಣ್ಣಿನ ದುಡ್ಡು ಯಾರು ಕೊಡ್ತಾರೆ?" ಅಂದ. ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹಕ್ಕಿ ಊರಿಗೆಲ್ಲಾ ಚೆಂದ, ನಷ್ಟ ಮಾತ್ರ ಒಬ್ಬನ ಮನೆಗೆ ಅನ್ನೋದು ನ್ಯಾಯ ಅಲ್ಲ. ಕೊಕ್ಕರೆಬೆಳ್ಳೂರಿನ ಚರಿತ್ರೆ ಹೇಳೋದೂ ಅದನ್ನೇ. ಮಾಲೀಕರು ಮೊದಲು ತಾಳಿದರು, ಆಮೇಲೆ ಭಾರ ಹಂಚಿಕೊಳ್ಳೋಕೆ ಬೇರೆಯವರೂ ಬಂದರು.

ಸದ್ಯಕ್ಕೆ ನಮ್ಮ ಮನೆಯಲ್ಲಿ ಆಗಿರೋ ತೀರ್ಮಾನ ಇಷ್ಟು. ಚಿಕ್ಕ ಮರದ ವಿಷಯ ಮಗನಿಗೆ ಬಿಟ್ಟಿದ್ದೀನಿ. ದೊಡ್ಡ ಮರ ಮೂರು ವರ್ಷ ಇರುತ್ತೆ. ಅದರ ಕೆಳಗೆ ಗುಂಡಿ ತೋಡಿ ಗೋಡು ಹಾಕಿದ್ದೀವಿ. ಆ ಗೊಬ್ಬರವನ್ನ ಮುಂದಿನ ಮುಂಗಾರಿಗೆ ಅರ್ಧ ಎಕರೆ ರಾಗಿಗೆ ಹಾಕಿ, ಪಕ್ಕದ ಅರ್ಧ ಎಕರೆ ಜೊತೆ ಹೋಲಿಸಿ ಲೆಕ್ಕ ಇಲ್ಲೇ ಹಾಕ್ತೀನಿ, ಲಾಭ ಬಂದರೂ ನಷ್ಟ ಬಂದರೂ. ಇನ್ನೊಂದು ಕೆಲಸ, ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀನಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ ಪ್ರಾಣಿ ಪಕ್ಷಿಗಳ ದಾಖಲಾತಿ ಪುಸ್ತಕ ಬರೀಬೇಕು. ನಮ್ಮ ಮರ, ನಾಲ್ಕು ಗೂಡು, ಬಂದ ತಾರೀಕು ಅದರಲ್ಲಿ ಸೇರಿಸಿ ಅಂತ ಕೇಳಿದ್ದೀನಿ. ನಾಳೆ ಯಾರಾದರೂ ಪರಿಹಾರ ಕೇಳಬೇಕಾದರೆ ಕೈಯಲ್ಲಿ ಒಂದು ಕಾಗದ ಇರಬೇಕಲ್ಲ.

ನಿಮ್ಮಲ್ಲಿ ಕೇಳೋದು ಒಂದೇ. ಗುಬ್ಬಿ, ಕುಣಿಗಲ್, ತುಮಕೂರು ಸುತ್ತ ನಿಮ್ಮ ಊರಿನ ಮರದಲ್ಲಿ ಕೊಕ್ಕರೆ, ಬಕ, ಹೆಜ್ಜಾರ್ಲೆ ಗೂಡು ಈಗ ಇದ್ದರೆ, ಅಥವಾ ಹಿಂದೆ ಇದ್ದು ನಿಂತು ಹೋಗಿದ್ದರೆ, ಮನೆಯ ಹಿರಿಯರನ್ನ ಕೇಳಿ ಬರೀರಿ. ಇಸವಿ ನೆನಪಿಲ್ಲದಿದ್ದರೆ ಕೆರೆ ಕೋಡಿ ಬಿದ್ದ ವರ್ಷ, ಬರ ಬಂದ ವರ್ಷ, ಯಾರ ಮದುವೆ ಆದ ವರ್ಷ ಅಂತಾದರೂ ಹೇಳಿ. ಯಾವ ಮರ, ಯಾವ ಮಳೆ ಹೊತ್ತಿಗೆ ಬಂದವು, ಯಾವ ಮಳೆಗೆ ಹೋದವು, ಇಷ್ಟು ಸಾಕು.

ಇವತ್ತು ಬೆಳಿಗ್ಗೆ ಹಾಲು ಕರೆದು ಬರುವಾಗ ನೋಡಿದೆ. ಬಿಸಿಲು ಏರಿತ್ತು. ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ನಿಂತು ನೆರಳು ಮಾಡಿತ್ತು. ಅದರ ಕೆಳಗಿಂದ ಮೊದಲ ಸಲ ಮರಿಯ ದನಿ ಕೇಳಿಸ್ತು. ಮಗನೂ ಪಕ್ಕದಲ್ಲಿ ನಿಂತಿದ್ದ. ಏನೂ ಮಾತಾಡಲಿಲ್ಲ, ಫೋನ್ ತೆಗೆದು ತಾರೀಕು ಬರ್ಕೊಂಡ.