ಪ್ರೋಟೀನ್ ಔಷಧದಲ್ಲಿ ಸಕ್ಕರೆಯ ಪಾಲು

1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದಾಗ, ಸರಿಯಾದ ಜೀನ್ ಕೈಯಲ್ಲಿದ್ದರೆ ಸರಿಯಾದ ಔಷಧವೂ ಸಿಕ್ಕಂತೆಯೇ ಎಂಬ ವಿಶ್ವಾಸ ಮೂಡಿತ್ತು. ಇನ್ಸುಲಿನ್‌ನಲ್ಲಿ ಸಕ್ಕರೆಯ ಸರಪಳಿಗಳಿಲ್ಲ. ಹಾಗಾಗಿ ಅಲ್ಲಿ ಆ ಮಾತು ಸಲ್ಲುತ್ತಿತ್ತು. ಕಿಡ್ನಿ ವೈಫಲ್ಯದಿಂದ ಬರುವ ರಕ್ತಹೀನತೆಗೆ ಕೊಡುವ ಎರಿತ್ರೊಪೊಯೆಟಿನ್‌ನ ಲೆಕ್ಕವೇ ಬೇರೆ. ಅದರ ತೂಕದಲ್ಲಿ ಸುಮಾರು ಶೇ 40ರಷ್ಟು ಸಕ್ಕರೆಯೇ. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಇಂಥ ಸರಪಳಿ ಕಟ್ಟಲು ಬಾರದ ಕಾರಣ, 1989ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧವನ್ನು ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಲ್ಲಿ ತಯಾರಿಸಬೇಕಾಯಿತು. ಅಲ್ಲಿಂದೀಚೆಗಿನ ಅನುಭವ ಕಲಿಸಿದ್ದು ಇಷ್ಟು: ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನೂ ಔಷಧದ ಭಾಗವೆಂದೇ ಎಣಿಸಿ ಅಳೆಯಬೇಕು.

ಇದರ ಮೊದಲ ಸುಳಿವು ಜೀನ್ ತಂತ್ರಜ್ಞಾನಕ್ಕಿಂತ ಹಳೆಯದು. 1960ರ ದಶಕದ ಕೊನೆಯಲ್ಲಿ ಆಶ್ವೆಲ್ ಮತ್ತು ಮೊರೆಲ್ ಎಂಬ ವಿಜ್ಞಾನಿಗಳು ರಕ್ತದ ಸೆರುಲೋಪ್ಲಾಸ್ಮಿನ್ ಪ್ರೋಟೀನಿನ ಸರಪಳಿಗಳ ತುದಿಯಲ್ಲಿರುವ ಸಯಾಲಿಕ್ ಆಮ್ಲವನ್ನು ತೆಗೆದು ಮೊಲಗಳಿಗೆ ಚುಚ್ಚಿದರು. ತುದಿ ಹೋದೊಡನೆ ಕೆಳಗಿನ ಗ್ಯಾಲಕ್ಟೋಸ್ ಬಯಲಾಯಿತು. ಯಕೃತ್ತು ಅದನ್ನು ಗುರುತಿಸಿ ಪ್ರೋಟೀನನ್ನು ನಿಮಿಷಗಳಲ್ಲೇ ರಕ್ತದಿಂದ ಸೆಳೆದುಕೊಂಡಿತು. ಸಯಾಲಿಕ್ ಆಮ್ಲ ಕಳೆದುಕೊಂಡ ಎರಿತ್ರೊಪೊಯೆಟಿನ್‌ಗೂ ಇದೇ ಗತಿ. ಈ ತಿಳಿವನ್ನೇ ತಿರುಗಿಸಿ ಬಳಸಿ, ಎರಡು ಸರಪಳಿ ಹೆಚ್ಚಿಗೆ ಸೇರಿಸಿದ ಅದರ ಮಾರ್ಪಡಿಸಿದ ರೂಪ ಡಾರ್ಬೆಪೊಯೆಟಿನ್ 2001ರಲ್ಲಿ ಬಂತು. ಅದು ರಕ್ತದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಕಾಲ ಉಳಿಯುವುದರಿಂದ ಚುಚ್ಚುಮದ್ದಿನ ಸಂಖ್ಯೆ ಕಡಿಮೆಯಾಯಿತು. ಗೋಶೆ ಕಾಯಿಲೆಗೆ ಔಷಧವಾಗಿ ಕೊಡುವ ಕಿಣ್ವಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಸರಪಳಿಯನ್ನು ಮ್ಯಾನೋಸ್‌ವರೆಗೆ ಕತ್ತರಿಸಿದರೆ ಮಾತ್ರ ಅದು ಮ್ಯಾಕ್ರೋಫೇಜ್ ಕೋಶಗಳೊಳಗೆ ಚೆನ್ನಾಗಿ ಸೇರುತ್ತದೆ.

ಪ್ರತಿಕಾಯ ಔಷಧಗಳಲ್ಲಿ ಪರಿಣಾಮ ಇನ್ನೂ ಸೂಕ್ಷ್ಮ. ಅವುಗಳ ಸರಪಳಿಯಿಂದ ಫ್ಯೂಕೋಸ್ ಎಂಬ ಒಂದೇ ಒಂದು ಸಕ್ಕರೆ ತಪ್ಪಿದರೆ, ರೋಗನಿರೋಧಕ ಕೋಶಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವ ಶಕ್ತಿ ಹಲವು ಪಟ್ಟು ಏರುತ್ತದೆ. 2012ರಲ್ಲಿ ಜಪಾನಿನಲ್ಲಿ ಅನುಮತಿ ಪಡೆದ ಮೊಗಾಮುಲಿಜುಮಾಬ್ ಈ ತತ್ವದ ಮೇಲೆಯೇ ನಿಂತಿದೆ. ಬೇಡದ ಸಕ್ಕರೆ ಸೇರಿದರೆ ಅಪಾಯವೂ ಉಂಟು. ಇಲಿಯ ಕೋಶಗಳಲ್ಲಿ ಬೆಳೆಸಿದ ಸೆಟುಕ್ಸಿಮಾಬ್‌ನ ಆಲ್ಫಾ-ಗ್ಯಾಲ್ ಸಕ್ಕರೆಯೇ ಕೆಲ ರೋಗಿಗಳ ತೀವ್ರ ಅಲರ್ಜಿಗೆ ಕಾರಣವೆಂದು 2008ರಲ್ಲಿ ತಿಳಿಯಿತು.

ಸಕ್ಕರೆಯಿಲ್ಲದೆಯೂ ಔಷಧ ಕೆಲಸ ಮಾಡುತ್ತದಲ್ಲ ಎಂದು ಕೇಳಬಹುದು. ಹೌದು, ಬಿಳಿರಕ್ತಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಇ. ಕೋಲೈಯಲ್ಲೇ ತಯಾರಾಗಿ 1991ರಿಂದ ಬಳಕೆಯಲ್ಲಿದೆ. ಎಲ್ಲ ಪ್ರೋಟೀನಿಗೂ ಸಕ್ಕರೆ ಅನಿವಾರ್ಯವಲ್ಲ ಎಂದಷ್ಟೇ ಇದು ಹೇಳುತ್ತದೆ. ಯಾವುದಕ್ಕೆ ಅನಿವಾರ್ಯ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿಯೇ ಅರಿಯಬೇಕು. ಬ್ಯಾಚಿನಿಂದ ಬ್ಯಾಚಿಗೆ ಸಕ್ಕರೆ ಬದಲಾಗುವುದು ಸಹಜ, ಕಟ್ಟುನಿಟ್ಟು ಹೆಚ್ಚಿದರೆ ಮೂಲ ಔಷಧವನ್ನು ಹೋಲುವಂತೆ ಬೇರೆಯವರು ತಯಾರಿಸುವ ಅಗ್ಗದ ಬಯೋಸಿಮಿಲರ್‌ಗಳೂ ದುಬಾರಿಯಾಗುತ್ತವೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಟ್ರಾಸ್ಟುಜುಮಾಬ್ ಎಂಬ ಕ್ಯಾನ್ಸರ್ ಪ್ರತಿಕಾಯದ ಮೂಲ ಔಷಧದ ಕೆಲವು ಬ್ಯಾಚ್‌ಗಳಲ್ಲೇ ಸಕ್ಕರೆ ಬದಲಾಗಿ ಕೊಲ್ಲುವ ಶಕ್ತಿ ಇಳಿದದ್ದು 2017ರಲ್ಲಿ ಪ್ರಕಟವಾಯಿತು, ಅದೂ ಬಯೋಸಿಮಿಲರ್ ತಯಾರಕರು ಹೋಲಿಕೆಗೆಂದು ಅಳೆದದ್ದರಿಂದ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮಾಬ್ ಬಯೋಸಿಮಿಲರ್‌ಗೆ ಅಮೆರಿಕ ಒಪ್ಪಿಗೆ ನೀಡಿತು. ಅಳತೆಯ ಶಿಸ್ತು ಮೂಲ ಔಷಧಕ್ಕೂ ಅದರ ಬಯೋಸಿಮಿಲರ್‌ಗೂ ಒಂದೇ ಆಗಿರಬೇಕು. ಪರಿಣಾಮ ಬೀರುವ ಸಕ್ಕರೆಗಳ ಮೇಲೆ ಮಾತ್ರ ಕಟ್ಟುನಿಟ್ಟಿದ್ದರೆ ಬೆಲೆಯೂ ರೋಗಿಯ ಕೈಮೀರದು.