ಸೇರು: ಅಳತೆಯೂ ತೂಕವೂ

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇವತ್ತಿಗೂ ಸೇರಿನಲ್ಲಿ ಅಳೆದುಕೊಡುವವರಿದ್ದಾರೆ. ಸಂತೆಯ ಮಂಡಕ್ಕಿಗೂ ಅದೇ ಲೆಕ್ಕ. 1956ರ ಕಾಯ್ದೆ ಕಿಲೋ, ಲೀಟರುಗಳನ್ನು ತಂದಿತು, ಆದರೂ ಸೇರು ಸಾಯಲಿಲ್ಲ. ಹೊಸ ಸೊಸೆ ಹೊಸಿಲಲ್ಲಿ ಒದ್ದು ಒಳಬರುವುದು ಸೇರಕ್ಕಿಯನ್ನೇ. ಗಟ್ಟಿಗನಿಗೆ ಇನ್ನೂ ಗಟ್ಟಿಗ ಎದುರಾದರೆ ಸೇರಿಗೆ ಸವ್ವಾಸೇರು.

ನನಗೆ ಬಲು ಇಷ್ಟವಾದದ್ದು ಈ ಪದದ ಎರಡು ಬಾಳು. ಅಕ್ಕಿ, ರಾಗಿಯ ಮುಂದೆ ಸೇರು ಒಂದು ಪಾತ್ರೆ, ನಾಲ್ಕು ಪಾವಿನದು. ಬೆಲ್ಲ, ಹುಣಸೆಹಣ್ಣಿನ ಮುಂದೆ ಅದೇ ಸೇರು ಒಂದು ತೂಕ. ಹಳೇ ಮೈಸೂರಿನ ಕಚ್ಚಾ ಸೇರಿಗೆ 24 ತೊಲ, ಅಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರಿಗೆ 80 ತೊಲ, ಸುಮಾರು 933 ಗ್ರಾಂ. ತೊಲ ಎಂದರೆ ಒಂದು ಬೆಳ್ಳಿ ರೂಪಾಯಿಯ ತೂಕ. ಅಳೆಯಬೇಕೋ ತೂಗಬೇಕೋ ಎಂದು ಅಂಗಡಿಯವರು ಕೇಳುತ್ತಿರಲಿಲ್ಲ, ಸಾಮಾನಿನ ಹೆಸರೇ ಅದನ್ನು ಹೇಳುತ್ತಿತ್ತು.

ಶಾಲೆಯಲ್ಲಿ ಮಕ್ಕಳು ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಎಂದು ಬಾಯಿಪಾಠ ಮಾಡುತ್ತಾರೆ. ಮೇಜಿನ ಮೇಲೆ ಒಂದು ಸೇರಿಟ್ಟು ಒಮ್ಮೆ ಅಕ್ಕಿ, ಒಮ್ಮೆ ಮಂಡಕ್ಕಿ ತುಂಬಿ ತಕ್ಕಡಿಗೆ ಹಾಕಿಸಬೇಕು. ಗಾತ್ರ ಬದಲಾಗಲಿಲ್ಲ, ತಕ್ಕಡಿ ಮಾತ್ರ ಬೇರೆ ಮಾತಾಡಿತು. ಸಾಂದ್ರತೆ ಅಂದರೆ ಆ ವ್ಯತ್ಯಾಸವೇ.

ಇಲ್ಲೊಂದು ಒಗಟಿದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಒಂದು ಲೀಟರ್ ಅಕ್ಕಿ ಸುಮಾರು 800 ಗ್ರಾಂ. ಹಾಗಾದರೆ ಅಕ್ಕಿ ತೇಲಬೇಕಲ್ಲವೇ? ಅಕ್ಕಿ ತೊಳೆದವರಿಗೆಲ್ಲ ಗೊತ್ತು, ಅದು ತಳಕ್ಕೆ ಹೋಗಿ ಕೂರುತ್ತದೆ. ಕಾಳು ನೀರಿಗಿಂತ ಭಾರವೇ. ಸೇರಿನೊಳಗೆ ಕಾಳುಕಾಳಿನ ನಡುವೆ ಗಾಳಿಯೂ ಜಾಗ ಹಿಡಿದಿರುತ್ತದೆ. ತುಂಬಿದ ಅಕ್ಕಿಯ ಮೇಲೆ ನಿಧಾನವಾಗಿ ನೀರು ಹೊಯ್ದು ನೋಡಿ: ತುಳುಕುವ ಮೊದಲು ಪಾತ್ರೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರು ಒಳಗಿಳಿಯುತ್ತದೆ. ಕಾಳಿನ ಸಾಂದ್ರತೆ ಒಂದು, ರಾಶಿಯ ಸಾಂದ್ರತೆ ಮತ್ತೊಂದು. ಪಾಠ ಹೇಳುವವರು ಇದನ್ನು ಬಿಡಬಾರದು.

ಕಣದಲ್ಲಿ ಗೇಣಿ ಅಳೆಯುವವರ ಕೈಯನ್ನು ರೈತ ಕಣ್ಣಿಟ್ಟು ನೋಡುತ್ತಿದ್ದುದೂ ಇದಕ್ಕೇ. ಕುಲುಕಿ, ಕುಟ್ಟಿ ತುಂಬಿದ ಕೊಳಗದಲ್ಲಿ ಗಾಳಿ ಕಡಿಮೆ, ಕಾಳು ಹೆಚ್ಚು. ಬಾಯಿ ಸವರದೆ ಗೋಪುರ ಏರಿಸಿದರೆ ಇನ್ನೂ ಹೆಚ್ಚು. ಕೊಳಗಕ್ಕೆ ಒಂದೊಂದು ಹಿಡಿ ಹೆಚ್ಚಾದರೆ, 20 ಕೊಳಗದ ಖಂಡುಗಕ್ಕೆ 20 ಹಿಡಿ ಕಾಳು ರೈತನ ಮನೆಗೆ ಬರದೇ ಹೋಗುತ್ತಿತ್ತು.